ಮೇಲೆಸೆದ ನಾಣ್ಯದ ತಕರಾರು

ಪ್ರಥಮ ಪಿಯುಸಿ ವಿಜ್ಞಾನಕ್ಕೆ ಸೇರುವ ಮಕ್ಕಳಲ್ಲಿ ಬಹುಪಾಲಿಗೆ ನ್ಯೂಟನ್ನನ ಮೂರೂ ನಿಯಮಗಳು ಬಾಯಿಪಾಠ ಬಂದಿರುತ್ತವೆ. ಸೂತ್ರಕ್ಕೆ ಅಂಕಿ ತುಂಬಿ ಲೆಕ್ಕವನ್ನೂ ಮಾಡುತ್ತಾರೆ. ಅಂಕಿಯೇ ಇಲ್ಲದ ಒಂದು ಸಾದಾ ಪ್ರಶ್ನೆ ಕೇಳಿ ನೋಡಿ, ಬರುವ ಉತ್ತರ ನ್ಯೂಟನ್ನನಿಗಿಂತ ಬಹಳ ಹಿಂದಿನ ಕಾಲದ್ದಾಗಿರುತ್ತದೆ. ಪಾಠ ಮಾಡುತ್ತ ಮಾಡುತ್ತ ನನಗೆ ಖಾತ್ರಿಯಾದ ಕೆಲವು ಸಂಗತಿಗಳು ಇಲ್ಲಿವೆ. ಹೊಸದಾಗಿ ತರಗತಿಗೆ ಹೋಗುತ್ತಿರುವವರಿಗೆ ಉಪಯೋಗವಾದೀತು.

1. ಮೊದಲು ಊಹೆ ಬರೆಸಿ, ಆಮೇಲೆ ಸೂತ್ರ ಹೇಳಿ

ವರ್ಷದ ಶುರುವಿನಲ್ಲಿ ನಾನು ಒಂದು ನಾಣ್ಯವನ್ನು ನೇರ ಮೇಲಕ್ಕೆ ಚಿಮ್ಮುತ್ತೇನೆ. “ನಾಣ್ಯ ಕೈ ಬಿಟ್ಟು ಮೇಲೆ ಹೋಗುತ್ತಿದೆ. ಗಾಳಿಯನ್ನು ಮರೆತುಬಿಡಿ. ಈಗ ಅದರ ಮೇಲೆ ಯಾವ ಯಾವ ಬಲ ಇದೆ? ಬಾಣದ ಗುರುತು ಹಾಕಿ, ಪಕ್ಕದವರ ಹಾಳೆ ನೋಡಬೇಡಿ” ಎನ್ನುತ್ತೇನೆ. ಹೆಚ್ಚಿನವರ ಹಾಳೆಯಲ್ಲಿ ಎರಡು ಬಾಣ ಇರುತ್ತವೆ. ಕೆಳಕ್ಕೆ ಗುರುತ್ವದ್ದು, ಮೇಲಕ್ಕೆ ಅದಕ್ಕಿಂತ ಉದ್ದನೆಯ ‘ಕೈಯ ಬಲ’. ಆ ಕೈಯ ಬಲ ದಾರಿಯಲ್ಲಿ ಕರಗುತ್ತ ಹೋಗುತ್ತದೆ, ತುದಿಯಲ್ಲಿ ಎರಡೂ ಸಮ, ಆಮೇಲೆ ಗುರುತ್ವ ಗೆಲ್ಲುತ್ತದೆ ಎಂಬುದು ಅವರ ವಿವರಣೆ.

ಇದನ್ನು ದಡ್ಡತನ ಎಂದು ತಳ್ಳಿಹಾಕುವ ಹಾಗಿಲ್ಲ. ಕ್ರಿಸ್ತಪೂರ್ವ 2ನೇ ಶತಮಾನದ ಗ್ರೀಕ್ ಖಗೋಳಜ್ಞ ಹಿಪಾರ್ಕಸ್ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ. ಪೀಸಾದಲ್ಲಿದ್ದಾಗ ತರುಣ ಗೆಲಿಲಿಯೋ ಬರೆದದ್ದೂ ಇದನ್ನೇ. ಅಮೆರಿಕದ ಜಾನ್ ಕ್ಲೆಮೆಂಟ್ 1982ರಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇದೇ ನಾಣ್ಯದ ಪ್ರಶ್ನೆ ಕೇಳಿದ್ದರ ಬಗ್ಗೆ ಪ್ರಬಂಧ ಬರೆದರು. ಅಲ್ಲೂ ಸಿಕ್ಕಿದ್ದು ಈ ಎರಡು ಬಾಣಗಳೇ. ತಳ್ಳಿದರೆ ಚಲಿಸುವ, ಬಿಟ್ಟರೆ ನಿಲ್ಲುವ ಜಗತ್ತಿನಲ್ಲಿ ಬೆಳೆದ ಮಗು ತಾನೇ ಕಟ್ಟಿಕೊಂಡ ಸಿದ್ಧಾಂತ ಅದು. ಅದನ್ನು ಹೊರಗೆ ತೆಗೆಯದೆ ಸೂತ್ರ ಹೇಳಿದರೆ ಹಳೇ ಗೋಡೆಯ ಮೇಲೆ ಹೊಸ ಸುಣ್ಣ ಬಳಿದಂತೆ.

ನನ್ನ ಮರುಪ್ರಶ್ನೆ ಒಂದೇ: “ಆ ಮೇಲಿನ ಬಾಣ ಕೊಡುತ್ತಿರುವವರು ಯಾರು?” ಕೈ ಆಗಲೇ ಕೆಳಗೆ ಉಳಿದಿದೆ. ಕೈ ಕೊಟ್ಟು ಕಳಿಸಿದ್ದು ವೇಗವನ್ನು. ಬಲದ ಕತೆ ಕೈ ಬಿಟ್ಟ ಕ್ಷಣಕ್ಕೇ ಮುಗಿಯಿತು. ಕೊಡುವವರ ಹೆಸರು ಹೇಳಲಾಗದ ಯಾವ ಬಲವನ್ನೂ ಚಿತ್ರದಲ್ಲಿ ಇರಗೊಡಬೇಡಿ. ಇದೊಂದು ಕಟ್ಟಳೆ ಇಟ್ಟುಕೊಂಡರೆ ಚಲನಶಾಸ್ತ್ರದ ಅರ್ಧ ಗೋಜಲು ಬಿಡಿಸಿದ ಹಾಗೆ.

ಇದರ ಬೆನ್ನಿಗೇ ಇನ್ನೊಂದು: ತುತ್ತತುದಿಯಲ್ಲಿ ವೇಗ ಸೊನ್ನೆ, ವೇಗೋತ್ಕರ್ಷ ಎಷ್ಟು? “ಅದೂ ಸೊನ್ನೆ” ಎನ್ನುವವರಿಗೆ ಬೋರ್ಡಿನ ಮೇಲೆ ಲೆಕ್ಕ ಹಾಕಿಸಿ. ತುದಿ ಮುಟ್ಟುವ 0.1 ಸೆಕೆಂಡ್ ಮೊದಲು ವೇಗ ಮೇಲಕ್ಕೆ ಸೆಕೆಂಡಿಗೆ 0.98 ಮೀಟರ್, 0.1 ಸೆಕೆಂಡ್ ಆದಮೇಲೆ ಕೆಳಕ್ಕೆ ಅಷ್ಟೇ. 0.2 ಸೆಕೆಂಡಿನಲ್ಲಿ ಆದ ಬದಲಾವಣೆ 1.96. ಭಾಗಿಸಿದರೆ ಬರುವುದು ಅದೇ 9.8. ಎರಡೂ ಸೊನ್ನೆ ಆಗಿಬಿಟ್ಟಿದ್ದರೆ ನಾಣ್ಯ ಕೆಳಗೆ ಬರಲು ಕಾರಣವೇ ಇರುತ್ತಿರಲಿಲ್ಲ, ಅಲ್ಲೇ ತೂಗಾಡುತ್ತಿತ್ತು.

2. ಮೂರನೇ ನಿಯಮವನ್ನು ಸ್ಪ್ರಿಂಗ್ ತಕ್ಕಡಿಗೆ ಹೇಳಲು ಬಿಡಿ

ಕಬಡ್ಡಿ ಆಡುವ ಗಟ್ಟಿ ಹುಡುಗನ ಕೈಗೊಂದು, ಬೆಂಚಿನ ತುದಿಯ ಸಣಕಲನ ಕೈಗೊಂದು ಸ್ಪ್ರಿಂಗ್ ತಕ್ಕಡಿ ಕೊಟ್ಟು, ಕೊಕ್ಕೆಗಳನ್ನು ಒಂದಕ್ಕೊಂದು ಸಿಕ್ಕಿಸಿ ಎಳೆಯಲು ಹೇಳಿ. ಎರಡರಲ್ಲೂ ಒಂದೇ ಅಂಕಿ. ಸಣಕಲನ ಕಡೆಯ ತಕ್ಕಡಿಯನ್ನು ಕಿಟಕಿಯ ಸರಳಿಗೆ ಕಟ್ಟಿದರೂ ಅಷ್ಟೇ. ಆಗ ಖಂಡಿತ ಒಬ್ಬರು ಕೇಳುತ್ತಾರೆ: “ಹಾಗಾದರೆ ಸರ್, ಹಗ್ಗಜಗ್ಗಾಟದಲ್ಲಿ ಗೆಲ್ಲೋದು ಹೇಗೆ?” ಈ ಪ್ರಶ್ನೆ ಬಂದ ದಿನ ಪಾಠ ಮುಂದೆ ಓಡಿಸಬೇಡಿ. ಹಗ್ಗದ ಎಳೆತ ಇಬ್ಬರಿಗೂ ಹೆಚ್ಚುಕಡಿಮೆ ಸಮವೇ. ತೀರ್ಮಾನ ಆಗುವುದು ಪಾದದ ಕೆಳಗೆ, ನೆಲ ಯಾರಿಗೆ ಹೆಚ್ಚು ಘರ್ಷಣೆ ಕೊಡುತ್ತದೆ ಎನ್ನುವುದರ ಮೇಲೆ. ಕಬಡ್ಡಿ ಹುಡುಗನ ಕಾಲಿಗೆ ಸಾಕ್ಸ್ ಹಾಕಿ ನುಣುಪು ಟೈಲ್ಸ್ ಮೇಲೆ ನಿಲ್ಲಿಸಿದರೆ ಇಡೀ ತರಗತಿಗೆ ಉತ್ತರ ಗೊತ್ತಾಗುತ್ತದೆ.

3. ಮೇಜು ಒತ್ತುವುದು ತೂಕದ ಪ್ರತಿಕ್ರಿಯೆ ಅಲ್ಲ

ಪುಸ್ತಕವನ್ನು ಭೂಮಿ ಕೆಳಕ್ಕೆ ಎಳೆಯುತ್ತದೆ, ಮೇಜು ಮೇಲಕ್ಕೆ ಒತ್ತುತ್ತದೆ, ಎರಡೂ ಸಮ. ಹಾಗಾಗಿ ಇವೇ ಕ್ರಿಯೆ–ಪ್ರತಿಕ್ರಿಯೆ ಎಂದು ಮಕ್ಕಳು ಬರೆಯುತ್ತಾರೆ. ಕೆಲವು ಗೈಡುಗಳಲ್ಲೂ ಹಾಗೇ ಇದೆ, ಏನು ಮಾಡೋಣ. ಎರಡೂ ಒಂದೇ ಪುಸ್ತಕದ ಮೇಲೆ ಬೀಳುವ ಬಲಗಳಾದ್ದರಿಂದ ಅವು ಜೋಡಿಯಾಗಲಾರವು. ಭೂಮಿ ಪುಸ್ತಕವನ್ನು ಎಳೆದರೆ ಪುಸ್ತಕ ಭೂಮಿಯನ್ನು ಎಳೆಯುತ್ತದೆ, ಜೋಡಿ ಅದು.

ಇದಕ್ಕೆ ಲಿಫ್ಟಿಗಿಂತ ಒಳ್ಳೆಯ ಪ್ರಯೋಗಶಾಲೆ ಇಲ್ಲ. 60 ಕಿಲೋ ಇರುವವರನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ. ಲಿಫ್ಟ್ ಮೇಲಕ್ಕೆ ಸೆಕೆಂಡ್ ವರ್ಗಕ್ಕೆ 1 ಮೀಟರ್ ವೇಗೋತ್ಕರ್ಷದಲ್ಲಿ ಹೊರಟರೆ ಭೂಮಿಯ ಎಳೆತ 588 ನ್ಯೂಟನ್ನಿನಲ್ಲೇ ಇರುತ್ತದೆ, ಯಂತ್ರದ ಒತ್ತು 648ಕ್ಕೆ ಏರುತ್ತದೆ. ಮುಳ್ಳು 66 ಕಿಲೋ ದಾಟುತ್ತದೆ. ಕ್ರಿಯೆ–ಪ್ರತಿಕ್ರಿಯೆ ಆಗಿದ್ದರೆ ಹೀಗೆ ಬೇರೆಯಾಗಲು ಸಾಧ್ಯವೇ ಇರಲಿಲ್ಲ. ಮುಳ್ಳಿನ ಯಂತ್ರವನ್ನೇ ಒಯ್ಯಿರಿ. ಡಿಜಿಟಲ್ ಯಂತ್ರಗಳು ಒಂದು ಅಂಕಿ ಹಿಡಿದು ಕೂತುಬಿಡುತ್ತವೆ. ಲಿಫ್ಟ್ ಹೊರಟಾಗ, ನಿಲ್ಲುವಾಗ ಸುಮಾರು ಒಂದು ಸೆಕೆಂಡ್ ಮಾತ್ರ ಈ ವ್ಯತ್ಯಾಸ ಕಾಣುವುದರಿಂದ ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ಹಿಡಿಯುವುದು ಒಳ್ಳೆಯದು. ನಡುದಾರಿಯಲ್ಲಿ ಮುಳ್ಳು ಮತ್ತೆ 60ಕ್ಕೆ ಬರುತ್ತದೆ. ಲಿಫ್ಟ್ ಓಡುತ್ತಲೇ ಇದ್ದರೂ!

4. ತಿರುವಿನಲ್ಲಿ ಹೊರಕ್ಕೆ ಎಳೆದದ್ದು ಯಾರು?

ಆಗುಂಬೆ ಘಾಟಿಯಲ್ಲಿ ಬಸ್ಸು ಎಡಕ್ಕೆ ತಿರುಗಿದಾಗ ನಾವು ಬಲಕ್ಕೆ ವಾಲುತ್ತೇವೆ. ರಸ್ತೆಬದಿಯಲ್ಲಿ ನಿಂತು ನೋಡುವವನ ಕಣ್ಣಿಗೆ ನಮ್ಮನ್ನು ಯಾರೂ ಎಳೆಯಲಿಲ್ಲ. ನಾವು ನೇರ ಹೋಗುತ್ತಿದ್ದೆವು, ಬಸ್ಸು ಬಾಗಿತು. ಪ್ರಥಮ ವರ್ಷದಲ್ಲಿ ರಸ್ತೆಬದಿಯಲ್ಲೇ ನಿಂತು ಲೆಕ್ಕ ಮಾಡಿಸಿ. ಬಸ್ಸಿನೊಳಗೆ ಕೂತು ಮಾಡುವ ಲೆಕ್ಕ ಆಮೇಲೆ ಕಲಿತರೆ ಸಾಕು.

5. ಬಾಹ್ಯಾಕಾಶದಲ್ಲಿ ಗುರುತ್ವ ಇದೆ

2025ರಲ್ಲಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ, ಧಾರವಾಡದಿಂದ ಹೋದ ಹೆಸರು ಮತ್ತು ಮೆಂತೆ ಕಾಳು ಅಲ್ಲಿ ಮೊಳಕೆಯೊಡೆದ ಸುದ್ದಿ ಓದಿದ ಮಕ್ಕಳೆಲ್ಲ “ಅಲ್ಲಿ ಗುರುತ್ವ ಇಲ್ಲ ಸರ್” ಎಂದರು. ನಿಲ್ದಾಣ ಇರುವುದು ಸುಮಾರು 400 ಕಿ.ಮೀ. ಎತ್ತರದಲ್ಲಿ. ಅಲ್ಲಿ ಗುರುತ್ವ ವೇಗೋತ್ಕರ್ಷ ಸುಮಾರು 8.7, ಅಂದರೆ ನೆಲದ ಮೇಲಿನದರ ಶೇ. 90ರಷ್ಟು. ಗುರುತ್ವ ಇಲ್ಲದಿದ್ದರೆ ನಿಲ್ದಾಣ ಭೂಮಿಯನ್ನು ಸುತ್ತುತ್ತಲೇ ಇರಲಿಲ್ಲ, ನೇರ ಹೊರಟುಹೋಗುತ್ತಿತ್ತು. ಯಾನಿ, ಕಾಳು, ನಿಲ್ದಾಣ ಎಲ್ಲವೂ ಒಟ್ಟಿಗೆ ಬೀಳುತ್ತಿರುವುದರಿಂದ ಒಂದನ್ನೊಂದು ಒತ್ತುವುದಿಲ್ಲ. ತೇಲುವುದು ಎಂದರೆ ಅಷ್ಟೇ. ಲಿಫ್ಟಿನ ಪಾಠ ಸರಿಯಾಗಿ ಆಗಿದ್ದರೆ ಇದು ಐದು ನಿಮಿಷದ ಕೆಲಸ.

6. ಬಲ್ಬು ಕರೆಂಟನ್ನು ತಿನ್ನುವುದಿಲ್ಲ

ಒಂದೇ ತರಹದ ಎರಡು ಟಾರ್ಚ್ ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿ, ಸ್ವಿಚ್ ಹಾಕುವ ಮೊದಲೇ ಕೇಳಿ: ಯಾವುದು ಹೆಚ್ಚು ಉರಿಯುತ್ತದೆ? “ಮೊದಲನೆಯದು, ಅದು ಬಳಸಿ ಉಳಿದದ್ದು ಎರಡನೆಯದಕ್ಕೆ” ಎನ್ನುತ್ತಾರೆ. ಸ್ವಿಚ್ ಹಾಕಿದರೆ ಎರಡೂ ಒಂದೇ ಸಮ. ಬಲ್ಬಿನಲ್ಲಿ ಕೈಬಿಟ್ಟುಹೋಗುವುದು ಶಕ್ತಿ. ಒಳಹೋದ ಆವೇಶವೆಲ್ಲ ಹೊರಬರುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಬಲ್ಬುಗಳು ಸ್ವಲ್ಪ ಬೇರೆಬೇರೆ ಇದ್ದರೆ ಒಂದು ಮಂಕಾಗಿ ಉರಿದು, ತಪ್ಪು ಸಿದ್ಧಾಂತಕ್ಕೆ ನೀವೇ ಸಾಕ್ಷಿ ಒದಗಿಸಿದ ಹಾಗಾಗುತ್ತದೆ. ಹಾಗಾದರೆ ಬಲ್ಬುಗಳನ್ನು ಅದಲುಬದಲು ಮಾಡಿ ತೋರಿಸಿ. ಮಂಕು ಬಲ್ಬು ಎಲ್ಲಿಗೆ ಹೋದರೂ ಮಂಕೇ. ಎಲ್‌ಇಡಿ ಬಳಸಲೇಬೇಡಿ.

ಮುಂದಿನ ಹಂತಕ್ಕೆ, ತಂತಿಯಲ್ಲಿ ಎಲೆಕ್ಟ್ರಾನುಗಳ ಸರಾಸರಿ ಸಾಗಣೆ ಸೆಕೆಂಡಿಗೆ 1 ಮಿ.ಮೀ. ಸುಮಾರು ಎಂದು ಹೇಳಿ ಸುಮ್ಮನಾಗಿ. ಹಾಗಾದರೆ ದೀಪ ತಕ್ಷಣ ಹತ್ತುವುದು ಹೇಗೆ ಎಂದು ಅವರೇ ಜಗಳಕ್ಕೆ ಬರುತ್ತಾರೆ. ತಂತಿಯ ಉದ್ದಕ್ಕೂ ಎಲೆಕ್ಟ್ರಾನುಗಳು ಮೊದಲೇ ಇವೆ ಎಂಬುದನ್ನು ಆಗ ಹೇಳಿದರೆ ಮರೆಯುವುದಿಲ್ಲ.

7. ಕೈ ಒಳ್ಳೆಯ ಥರ್ಮಾಮೀಟರ್ ಅಲ್ಲ

ರಾತ್ರಿಯಿಡೀ ಒಂದೇ ಕೋಣೆಯಲ್ಲಿದ್ದ ಸ್ಟೀಲ್ ಲೋಟ ತಣ್ಣಗೆ, ಮರದ ಸ್ಕೇಲು ಅಷ್ಟಿಲ್ಲ. ತಾಪ ಎರಡರದ್ದೂ ಒಂದೇ. ಸ್ಟೀಲ್ ಕೈಯಿಂದ ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ, ಅಷ್ಟೇ.

8. ಅಂಕ ನೋಡಿ ನಂಬಬೇಡಿ

ಡೇವಿಡ್ ಹೆಸ್ಟೆನೆಸ್ ಮತ್ತು ಸಂಗಡಿಗರು 1992ರಲ್ಲಿ ಒಂದು ಪ್ರಶ್ನಾವಳಿ ಪ್ರಕಟಿಸಿದರು. ಬಲದ ಕಲ್ಪನೆಯನ್ನಷ್ಟೇ ತಡಕುವ, ಲೆಕ್ಕವೇ ಬೇಡದ ಪ್ರಶ್ನೆಗಳು. ಅದಕ್ಕೂ ಮೊದಲೇ ಹೆಸ್ಟೆನೆಸ್ ತಂಡದ ಇಂಥದ್ದೇ ಪರೀಕ್ಷೆಯನ್ನು ಹಾರ್ವರ್ಡಿನ ಎರಿಕ್ ಮಜೂರ್ ತಮ್ಮ ತರಗತಿಗೆ ಕೊಟ್ಟಾಗ, ನೀವು ಕಲಿಸಿದ ಹಾಗೆ ಬರೆಯಲೋ, ನಾನು ಯೋಚಿಸುವ ಹಾಗೆ ಬರೆಯಲೋ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳಂತೆ. ನಮ್ಮ ಮಕ್ಕಳು ಹೀಗೆ ಬಾಯಿಬಿಟ್ಟು ಕೇಳುವುದಿಲ್ಲ. ಸಿಇಟಿಯ ಕಾಲದಲ್ಲಿ ಕೇಳಿ ಪ್ರಯೋಜನವೂ ಇಲ್ಲ ಎಂದು ಅವರಿಗೆ ಗೊತ್ತು.

ಆದ್ದರಿಂದ ಸಹೋದ್ಯೋಗಿಗಳಲ್ಲಿ ಒಂದು ವಿನಂತಿ. ಮುಂದಿನ ಕಿರುಪರೀಕ್ಷೆಯಲ್ಲಿ ಅಂಕಿಯಿಲ್ಲದ ಒಂದೇ ಒಂದು ಪ್ರಶ್ನೆ ಹಾಕಿ, ಉತ್ತರಕ್ಕೆ ಕಾರಣ ಬರೆಯಲು ನಾಲ್ಕು ಸಾಲು ಜಾಗ ಬಿಡಿ, ಆ ನಾಲ್ಕು ಸಾಲಿಗೆ ಉತ್ತರಕ್ಕಿಂತ ಹೆಚ್ಚು ಅಂಕ ಇಡಿ.