ಉಳಿತಾಯ ಶುರುವಾಗುವುದು ವಾರಂಟಿ ಮುಗಿದ ಮೇಲೆ

ಕಿಲೋಮೀಟರ್ ಲೆಕ್ಕದಲ್ಲಿ ಎಲೆಕ್ಟ್ರಿಕ್ ಬೈಕಿನ ಮುಂದೆ ಪೆಟ್ರೋಲ್ ಬೈಕು ನಿಲ್ಲುವುದೇ ಇಲ್ಲ. ನಾನು ತುಮಕೂರಿನಿಂದ ಗುಬ್ಬಿಗೆ ಕೆಲಸಕ್ಕೆ ಹೋಗಿ ಬರುವ ದಾರಿ ದಿನಕ್ಕೆ 40 ಕಿಲೋಮೀಟರ್, ತಿಂಗಳಿಗೆ ಹೆಚ್ಚುಕಡಿಮೆ 1,000. ಲೀಟರಿಗೆ 55 ಕೊಡುವ ಸಾಧಾರಣ ಬೈಕಾದರೆ, ಪೆಟ್ರೋಲು 102 ರೂಪಾಯಿ ಎಂದಿಟ್ಟುಕೊಂಡರೂ ಕಿಲೋಮೀಟರಿಗೆ 1.85 ರೂಪಾಯಿ ಬೀಳುತ್ತದೆ. ನನ್ನ ಎಲೆಕ್ಟ್ರಿಕ್ ಬೈಕಿನ ಬ್ಯಾಟರಿ 3.2 ಕಿಲೋವ್ಯಾಟ್ ಅವರ್. ಚಾರ್ಜಿಂಗಿನಲ್ಲಿ ಪೋಲಾಗುವುದೂ ಸೇರಿ ನಾಲ್ಕು ಯೂನಿಟ್ಟಿನೊಳಗೆ ತುಂಬುತ್ತದೆ, 90 ಕಿಲೋಮೀಟರ್ ಓಡುತ್ತದೆ. ಗೃಹಜ್ಯೋತಿಯಲ್ಲಿ ಉಚಿತ ಸಿಗುವುದು ಮನೆಯ ಹಳೆಯ ಸರಾಸರಿ ಬಳಕೆಗಿಂತ ಸ್ವಲ್ಪವೇ ಹೆಚ್ಚು. ಬೈಕಿಗೆ ಹೋಗುವ 40ಕ್ಕೂ ಹೆಚ್ಚು ಯೂನಿಟ್ಟಿನಲ್ಲಿ ಬಹುಪಾಲು ಬಿಲ್ಲಿಗೇ ಬರುತ್ತದೆ. ಹಾಗೆ ಯೂನಿಟ್ಟಿಗೆ ಏಳು ರೂಪಾಯಿ ಹಿಡಿದರೂ ಕಿಲೋಮೀಟರಿಗೆ 30 ಪೈಸೆ. ಆಯಿಲ್ ಬದಲಾವಣೆ, ಸಣ್ಣಪುಟ್ಟ ಸರ್ವಿಸ್ ಉಳಿಯುವುದನ್ನೂ ಕೂಡಿಸಿದರೆ ತಿಂಗಳಿಗೆ 1,750 ರೂಪಾಯಿ ಕೈಯಲ್ಲಿ ಉಳಿಯಬೇಕು.

ಈಗ ಇನ್ನೊಂದು ಬದಿಯ ಲೆಕ್ಕ. 2023ರ ಜೂನ್ 1ರಿಂದ ಕೇಂದ್ರದ ಫೇಮ್-2 ಸಬ್ಸಿಡಿ ಇಳಿಯಿತು. ಕಿಲೋವ್ಯಾಟ್ ಅವರ್‌ಗೆ 15,000 ರೂಪಾಯಿ ಇದ್ದದ್ದು 10,000 ಆಯಿತು, ಗಾಡಿಯ ಬೆಲೆಯ ಶೇ 40ರವರೆಗೆ ಎಂದಿದ್ದ ಮಿತಿ ಶೇ 15ಕ್ಕೆ ಬಂತು. ನಾನು ಕೊಂಡದ್ದು ಅದಾದ ಮೇಲೆ. ಎಲೆಕ್ಟ್ರಿಕ್ ಬೈಕಿಗೆ ನಮ್ಮ ರಾಜ್ಯದಲ್ಲಿ ರಸ್ತೆ ತೆರಿಗೆ ಇರಲಿಲ್ಲ, ಜಿಎಸ್‌ಟಿ ಶೇ 5 ಮಾತ್ರ. ಇಷ್ಟಾದರೂ ಅದೇ ಕೆಲಸ ಮಾಡುವ ಪೆಟ್ರೋಲ್ ಬೈಕಿಗಿಂತ ನಾನು 60,000 ರೂಪಾಯಿ ಹೆಚ್ಚು ಕೊಟ್ಟೆ. ತಿಂಗಳಿಗೆ 1,750ರಂತೆ ಆ ಹೆಚ್ಚುವರಿ ಹಣ ವಾಪಸ್ ಬರಲು 34 ತಿಂಗಳು ಬೇಕು. ಸಾಲದ ಬಡ್ಡಿ ಸೇರಿಸಿದರೆ ಮೂರು ವರ್ಷ ದಾಟುತ್ತದೆ. ನನ್ನ ಗಾಡಿಯ ವಾರಂಟಿಯೂ ಮೂರೇ ವರ್ಷ.

ಅಂದರೆ ಮೊದಲ ಮೂರು ವರ್ಷ ನಾನು ಉಳಿಸುವುದು ಏನೂ ಇಲ್ಲ, ಮುಂಗಡ ಕೊಟ್ಟಿದ್ದನ್ನು ವಾಪಸ್ ಪಡೆಯುತ್ತಿರುತ್ತೇನೆ. ನಿಜವಾದ ಲಾಭ ಇರುವುದು ನಾಲ್ಕು, ಐದು, ಆರನೆಯ ವರ್ಷದಲ್ಲಿ, ಕಂಪನಿಯ ಜವಾಬ್ದಾರಿ ಮುಗಿದ ಮೇಲೆ. ಆಗ ಗಾಡಿ ಕೆಟ್ಟರೆ ಯಾರು ರಿಪೇರಿ ಮಾಡುತ್ತಾರೆ, ಎಷ್ಟು ದಿನದಲ್ಲಿ, ಎಷ್ಟಕ್ಕೆ? ಮೈಲೇಜಿಗಿಂತ, ರೇಂಜಿಗಿಂತ ದೊಡ್ಡ ಪ್ರಶ್ನೆ ಇದು. ಇದಕ್ಕೆ ಉತ್ತರ ಸಿಗುವವರೆಗೆ ಉಳಿತಾಯದ ಲೆಕ್ಕ ಕಾಗದದ ಮೇಲೇ ಇರುತ್ತದೆ.

ನನಗೆ ಇದು ಅರ್ಥವಾದದ್ದು ಒಂದು ಮಳೆಗಾಲದಲ್ಲಿ. ಮಲ್ಲಸಂದ್ರ ದಾಟಿ ಸ್ವಲ್ಪ ದೂರ ಹೋಗಿದ್ದೆ, ಬೈಕು ಸದ್ದಿಲ್ಲದೆ ಶಕ್ತಿ ಕಳೆದುಕೊಂಡಿತು. ಡಿಸ್‌ಪ್ಲೇ ಉರಿಯುತ್ತಿತ್ತು, ಬ್ಯಾಟರಿ ಅರ್ಧಕ್ಕಿಂತ ಹೆಚ್ಚಿತ್ತು, ಆಕ್ಸಿಲರೇಟರ್ ತಿರುಗಿಸಿದರೆ ಮಾತ್ರ ಏನೂ ಇಲ್ಲ. ತುಮಕೂರಿನ ಶೋರೂಮಿನಲ್ಲಿ ಮಾರಾಟ ನಡೆಯುತ್ತಿತ್ತು, ಸರ್ವಿಸ್ ನಿಂತಿತ್ತು. "ಪೀಣ್ಯಕ್ಕೆ ಕಳಿಸಿ ಸಾರ್" ಅಂದರು. ಟಾಟಾ ಏಸ್ ಮಾಡಿಕೊಂಡು ಕಳಿಸಿದೆ. ಬಾಡಿಗೆ 2,800 ರೂಪಾಯಿ, ಅಂದರೆ ಒಂದೂವರೆ ತಿಂಗಳ ಉಳಿತಾಯ ಒಂದೇ ಬೆಳಿಗ್ಗೆ ಹೋಯಿತು. ಅಲ್ಲಿ ನೋಡಿ ಕಂಟ್ರೋಲರ್ ಹೋಗಿದೆ ಎಂದರು. ಆ ಭಾಗ ಸ್ಟಾಕ್ ಇರಲಿಲ್ಲ. ವಾರಗಟ್ಟಲೆ ಕಾದ ಮೇಲೆ ಬಂತು. ಬಂದದ್ದನ್ನು ಕೂರಿಸಿದರೂ ಗಾಡಿ ಓಡಲಿಲ್ಲ. ಹೊಸ ಕಂಟ್ರೋಲರನ್ನು ನನ್ನ ಗಾಡಿಯ ನಂಬರಿಗೆ ಜೋಡಿಸುವ ಸಾಫ್ಟ್‌ವೇರ್ ಕೆಲಸ ಆ ಸೆಂಟರಿನವರ ಕೈಯಲ್ಲಿರಲಿಲ್ಲ, ಕಂಪನಿಯ ಮುಖ್ಯ ಕಚೇರಿಯಿಂದ ಆಗಬೇಕಿತ್ತು. ಅದಕ್ಕೆ ಮತ್ತೆ ಕಾಯಬೇಕಾಯಿತು. ಫೋನ್ ಮಾಡಿದಾಗೆಲ್ಲ "ನಾಳೆ ಆಗುತ್ತೆ ಸಾರ್" ಎನ್ನುವ ಮೆಕ್ಯಾನಿಕ್ ಹುಡುಗನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವನಿಗೆ ಸ್ಪ್ಯಾನರ್ ಕೊಟ್ಟಿದ್ದರು, ಅಧಿಕಾರ ಕೊಟ್ಟಿರಲಿಲ್ಲ.

ಕಂಟ್ರೋಲರ್ ಎಂದರೆ ಬ್ಯಾಟರಿಯ ನೇರ ವಿದ್ಯುತ್ತನ್ನು ಮೋಟರಿಗೆ ಬೇಕಾದ ಮೂರು ಫೇಸಿನ ವಿದ್ಯುತ್ತಾಗಿ ಬದಲಿಸುವ ಪೆಟ್ಟಿಗೆ. ಅದರೊಳಗಿನ ಸ್ವಿಚ್ಚುಗಳು ಬಿಸಿಯಾಗಿ ತಣ್ಣಗಾಗಿ ಸುಸ್ತಾಗುತ್ತವೆ, ಕನೆಕ್ಟರಿನ ರಬ್ಬರು ಸಡಿಲವಾದರೆ ನೀರು ಹೋಗುತ್ತದೆ. ಐಪಿ67 ಎಂದು ಬರೆದಿರುವುದು ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆದುಕೊಳ್ಳುವ ಪರೀಕ್ಷೆಗೆ. ಆ ಪರೀಕ್ಷೆ ಹೊಸ ಪೆಟ್ಟಿಗೆಗೆ ನಡೆದದ್ದು. ನಾಲ್ಕು ವರ್ಷ ಹಳ್ಳ ಬಿದ್ದ ರಸ್ತೆಯಲ್ಲಿ ಅಲುಗಾಡಿ, ವಾಟರ್ ಸರ್ವಿಸಿನವರ ಪೈಪಿನ ರಭಸ ತಿಂದ ಕನೆಕ್ಟರಿಗೆ ಅಲ್ಲ. ಕೆಡುವುದು ತಪ್ಪೇನಲ್ಲ, ಯಂತ್ರ ಅಂದ ಮೇಲೆ ಕೆಡುತ್ತದೆ. ಕೆಟ್ಟಾಗ ಒಂದೇ ಒಂದು ಬಾಗಿಲು ತಟ್ಟಬೇಕಾಗಿರುವುದೇ ನನ್ನ ತಕರಾರು.

ಇನ್ನೊಮ್ಮೆ ಗಾಡಿ ಹೀಗೇ ನಿಂತಾಗ ಗುಬ್ಬಿ ಗೇಟಿನ ಹತ್ತಿರದ ಗ್ಯಾರೇಜಿನವರು ಮೀಟರ್ ಹಿಡಿದು ನೋಡಿ, ಸೈಡ್ ಸ್ಟ್ಯಾಂಡಿನ ಸ್ವಿಚ್ಚಿನಲ್ಲಿ ಕೆಸರು ಕೂತಿದೆ ಎಂದು ಪತ್ತೆ ಮಾಡಿದರು. ಸ್ಟ್ಯಾಂಡ್ ಕೆಳಗಿದೆ ಎಂದುಕೊಂಡು ಗಾಡಿ ಮೋಟರನ್ನು ತಡೆದಿತ್ತು. ಒರೆಸಿದರು, ಓಡಿತು, ದುಡ್ಡು ಬೇಡವೆಂದರು. "ಕಲಿಯೋಕೆ ನಮಗೇನು ಕಷ್ಟ ಸಾರ್? ಪಾರ್ಟ್ಸ್ ಕೊಡಲ್ಲ, ಒಳಗಿನ ಕೋಡ್ ಓದೋ ಮಿಷನ್ ಕೊಡಲ್ಲ. ನಾವು ಕೈ ಹಾಕಿದ್ರೆ ನಿಮ್ಮ ವಾರಂಟಿ ಹೋಗುತ್ತೆ" ಎಂದರು. ಈ ನಾಡಿನ ಪ್ರತಿ ಹೋಬಳಿಯಲ್ಲೂ ಇಂಥವರಿದ್ದಾರೆ. ಪೆಟ್ರೋಲ್ ಬೈಕು ಬಡವರ ಗಾಡಿಯಾದದ್ದು ಇವರಿಂದ. ಎಲೆಕ್ಟ್ರಿಕ್ ಬೈಕು ಇವರನ್ನು ಹೊರಗಿಟ್ಟು ಬೆಂಗಳೂರಿನ ಆಚೆ ಬದುಕುವುದು ಕಷ್ಟ.

ಬ್ಯಾಟರಿಯ ವಿಷಯ ಬೇರೆ. ಅದನ್ನು ಸಿಕ್ಕವರೆಲ್ಲ ಬಿಚ್ಚಬಾರದು ಎನ್ನುವುದನ್ನು ನಾನು ಒಪ್ಪುತ್ತೇನೆ. 2022ರಲ್ಲಿ ದೇಶದ ಹಲವೆಡೆ ಎಲೆಕ್ಟ್ರಿಕ್ ಸ್ಕೂಟರುಗಳಿಗೆ ಬೆಂಕಿ ಬಿದ್ದ ಮೇಲೆಯೇ ಎಐಎಸ್-156 ಸುರಕ್ಷತಾ ನಿಯಮವನ್ನು ಬಿಗಿ ಮಾಡಿದ್ದು. ಆದರೆ ಬ್ಯಾಟರಿ ಬದಲಿಸುವ ಖರ್ಚನ್ನು ಸರ್ಕಾರವೇ ಹೆಚ್ಚಿಸಿಟ್ಟಿದೆ. ಗಾಡಿಯ ಜೊತೆ ಕೊಂಡರೆ ಬ್ಯಾಟರಿಗೂ ಸೇರಿ ಶೇ 5 ಜಿಎಸ್‌ಟಿ, ಮುಂದೆ ಬ್ಯಾಟರಿ ಒಂದನ್ನೇ ಕೊಂಡರೆ ಶೇ 18. ಬ್ಯಾಟರಿಯ ಬೆಲೆ 60,000 ಎಂದುಕೊಂಡರೆ ತೆರಿಗೆ 3,000 ಆಗುವ ಕಡೆ 10,800. ಹಳೆಯ ಗಾಡಿಯನ್ನು ಗುಜರಿಗೆ ಹಾಕದೆ ಇನ್ನಷ್ಟು ವರ್ಷ ಓಡಿಸುವವನಿಗೆ ಈ ದಂಡ ಯಾಕೆ? ಇದನ್ನು ಸರಿಪಡಿಸಲು ಜಿಎಸ್‌ಟಿ ಮಂಡಳಿಯ ಒಂದು ತೀರ್ಮಾನ ಸಾಕು.

ಬ್ಯಾಟರಿಗಾಗಿ ನಾನು ಅಂಚೆ ಕಚೇರಿಯಲ್ಲಿ ತಿಂಗಳಿಗೆ 800 ರೂಪಾಯಿಯ ಆರ್‌ಡಿ ಮಾಡಿದ್ದೇನೆ. ಶೇ 6.7ರ ಬಡ್ಡಿಯಲ್ಲಿ ಐದು ವರ್ಷಕ್ಕೆ 57,000 ಆಗುತ್ತದೆ. ತಿಂಗಳ ಉಳಿತಾಯದ ಅರ್ಧದಷ್ಟು ಹೀಗೆ ಪಕ್ಕಕ್ಕೆ ಹೋದ ಮೇಲೆ ಉಳಿದದ್ದನ್ನು ಮಾತ್ರ ಉಳಿತಾಯ ಎಂದು ಲೆಕ್ಕ ಹಿಡಿಯಬೇಕು.

ಗಾಡಿ ನಿಂತ ದಿನಗಳಿಗೂ ಬೆಲೆ ಇದೆ. ಇಎಂಐ 4,300 ಮುರಿದುಕೊಳ್ಳುವುದು ನಿಲ್ಲುವುದಿಲ್ಲ. ಬಸ್ಸು, ಆಟೋ ಸೇರಿ ತಿಂಗಳಿಗೆ 3,000 ಆಗುತ್ತದೆ, ಪೆಟ್ರೋಲ್ ಬೈಕಿದ್ದರೆ ಇಂಧನಕ್ಕೆ 1,850 ಸಾಕಿತ್ತು. ಹಾಗಾಗಿ ಒಂದು ತಿಂಗಳು ನಿಂತರೆ ಹಾಕಿದ ದುಡ್ಡು ವಾಪಸ್ ಬರುವ ದಿನ ಒಂದೂವರೆ ತಿಂಗಳಿಗೂ ಹೆಚ್ಚು ಮುಂದಕ್ಕೆ ಹೋಗುತ್ತದೆ. ಇನ್ಶೂರೆನ್ಸ್ ಇದಕ್ಕೆ ಬರುವುದಿಲ್ಲ. ಸಾಮಾನ್ಯ ಪಾಲಿಸಿಯಲ್ಲಿ ಯಾಂತ್ರಿಕ ಮತ್ತು ವಿದ್ಯುತ್ ದೋಷಗಳನ್ನು ಹೊರಗಿಟ್ಟಿರುತ್ತಾರೆ. ಝೀರೋ ಡೆಪ್ ತೆಗೆದುಕೊಂಡರೂ ಅಪಘಾತವಿಲ್ಲದೆ ಕೆಟ್ಟ ಕಂಟ್ರೋಲರಿಗೆ ಕಾಸು ಹುಟ್ಟುವುದಿಲ್ಲ.

ಸರ್ವಿಸಿಗೆ ಬಿಟ್ಟಾಗ ಜಾಬ್ ಕಾರ್ಡ್ ಇಲ್ಲದೆ ಬರಬೇಡಿ. ದೂರು ನಿಮ್ಮ ಮಾತಿನಲ್ಲೇ ಇರಲಿ, ಬಿಟ್ಟ ತಾರೀಖು ಇರಲಿ, ವಾಪಸ್ ತರುವಾಗ ಏನು ಬದಲಿಸಿದರು ಎನ್ನುವುದೂ ಇರಲಿ. ಗಾಡಿ ಅವರ ಬಳಿ ನಿಂತ ದಿನಗಳಷ್ಟು ವಾರಂಟಿ ಮುಂದುವರಿಸಿ ಎಂದು ಇಮೇಲಿನಲ್ಲೇ ಕೇಳಿ. ನಾನು ಕೇಳಿದೆ, 1915 ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಾದ ಮೇಲೆ ಒಪ್ಪಿದರು. ಅಲ್ಲಿಗೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಕಾಯ್ದೆಯ ಪ್ರಕಾರ ಕಂಪನಿ ಎಲ್ಲೇ ಇರಲಿ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಐದು ಲಕ್ಷ ರೂಪಾಯಿವರೆಗೆ ಕೊಟ್ಟು ಕೊಂಡ ವಸ್ತುವಿಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಎರಡು ವರ್ಷದೊಳಗೆ ಹೋಗಬೇಕು.

ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2022ರ ಜುಲೈನಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಡಿಸೆಂಬರಿನಲ್ಲಿ ಪೋರ್ಟಲ್ ತೆರೆಯಿತು. ಅದರ ವ್ಯಾಪ್ತಿಯಲ್ಲಿ ವಾಹನಗಳೂ ಇವೆ. ಗುಬ್ಬಿ ಗೇಟಿನ ಗ್ಯಾರೇಜಿಗೆ ಕೋಡ್ ಓದುವ ಯಂತ್ರ ಬರಲು ಪೋರ್ಟಲ್ ಸಾಲದು. ಬಿಡಿಭಾಗಗಳ ಬೆಲೆ ಪ್ರಕಟಿಸಬೇಕು, ಹೊರಗಿನ ಮೆಕ್ಯಾನಿಕ್‌ಗಳಿಗೂ ಮಾರಬೇಕು ಎಂಬ ಕಡ್ಡಾಯ ಬೇಕು. ಖರೀದಿಗೆ ಸಬ್ಸಿಡಿ ಕೊಟ್ಟದ್ದು ತೆರಿಗೆ ಕಟ್ಟುವವರ ದುಡ್ಡಿನಿಂದ. ಆ ಷರತ್ತು ಹಾಕುವ ಹಕ್ಕು ಸರ್ಕಾರಕ್ಕೆ ಖಂಡಿತ ಇತ್ತು, ಈಗಲೂ ಇದೆ.

ತಿಪಟೂರಿನಲ್ಲಿರುವ ನನ್ನ ತಮ್ಮ ಈಗ ಇದೇ ಬೈಕು ತಗೋಬೇಕು ಎನ್ನುತ್ತಿದ್ದಾನೆ. "ಅಣ್ಣ, ನಿನಗೆ ಓಡಿಸೋಕೆ ಇಷ್ಟ ತಾನೆ?" ಎಂದು ಕೇಳಿದ. ಇಷ್ಟವೇ. ಹೊಗೆಯಿಲ್ಲ, ಗದ್ದಲವಿಲ್ಲ, ಓಡುವ ದಿನ ಇದರಷ್ಟು ಹಿತವಾದ ಗಾಡಿ ನಾನು ಓಡಿಸಿಲ್ಲ. ಆದರೆ 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಪೆಟ್ರೋಲ್ ಬೈಕುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಬೆಲೆಯ ಅಂತರ ಹೆಚ್ಚಾಗಿದೆ, ದುಡ್ಡು ವಾಪಸ್ ಬರುವ ಕಾಲ ಇನ್ನೂ ಉದ್ದವಾಗಿದೆ. ಹಾಗಾಗಿ ಅವನಿಗೆ ಮೂರು ಬೆಲೆ ಬರೆಸಿಕೊಂಡು ಬಾ ಎಂದಿದ್ದೇನೆ: ಬ್ಯಾಟರಿ, ಕಂಟ್ರೋಲರ್, ಚಾರ್ಜರ್. ಜೊತೆಗೆ ತಿಪಟೂರಿನಲ್ಲೋ ತುಮಕೂರಿನಲ್ಲೋ ರಿಪೇರಿ ಮಾಡುವವರ ವಿಳಾಸ. ಶೋರೂಮಿನವರು ಇದನ್ನು ಕಾಗದದಲ್ಲಿ ಕೊಟ್ಟರೆ ಅವನು ಎಲೆಕ್ಟ್ರಿಕ್ ಕೊಳ್ಳಲಿ. ಕೊಡದಿದ್ದರೆ ಇನ್ನೆರಡು ವರ್ಷ ಹಳೆಯ ಬೈಕೇ ಓಡಿಸಲಿ, ಅದಕ್ಕೆ ತಿಪಟೂರಿನಲ್ಲಿ ಯಾರು ಬೇಕಾದರೂ ರಿಪೇರಿ ಮಾಡುತ್ತಾರೆ.