ಕೈಗೆ ಬಿಡುವಿಲ್ಲದ ಕಿವಿಗಳು

ಆಕಾಶವಾಣಿಯಲ್ಲಿ ಮಲೆನಾಡಿನ ಕೇಳುಗರಿಗಾಗಿ ಬಹುಕಾಲ ಮಾತಿನ ಕಾರ್ಯಕ್ರಮಗಳನ್ನು ಮಾಡಿದವಳು ನಾನು. ಬೆಳಗಿನ ಚಿಂತನದಿಂದ ರಾತ್ರಿಯ ನಾಟಕದವರೆಗೆ ಒಂದು ದಿನದ ಮಾತನ್ನು ಹೊಂದಿಸುತ್ತ ಕಲಿತದ್ದನ್ನು, ಈಗ ಸಮುದಾಯ ಬಾನುಲಿಗೆ ಬರುತ್ತಿರುವ ಹುಡುಗ ಹುಡುಗಿಯರಿಗಾಗಿ ಬರೆದಿಡುತ್ತಿದ್ದೇನೆ.

1. ಗಡಿಯಾರ ನೋಡುವ ಮುನ್ನ ಕೇಳುಗರ ಕೈ ನೋಡಿ. ಬೆಳಗಿನ ಹೊತ್ತು ಒಬ್ಬರು ಹಾಲು ಕರೆಯುತ್ತಿರುತ್ತಾರೆ, ಇನ್ನೊಬ್ಬರು ರೊಟ್ಟಿ ತಟ್ಟುತ್ತಿರುತ್ತಾರೆ. ಅವರಿಗೆ ಐದು ನಿಮಿಷದಲ್ಲಿ ಒಂದೇ ವಿಚಾರ ಸಾಕು. ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯಲು ಕೂತವರು ಗಂಟೆಗಟ್ಟಲೆ ಏಳುವುದಿಲ್ಲ; ಉದ್ದದ ಸಂದರ್ಶನವೂ ರೂಪಕವೂ ಸಲ್ಲುವುದು ಅವರಿಗೆ. ಪೆನ್ನು, ಪುಸ್ತಕ ಹಿಡಿದು ಕೇಳುವವರು ಯಾವ ಹೊತ್ತಿನಲ್ಲೂ ಇಲ್ಲವೆಂದೇ ತಿಳಿದು ಬರೆಯಿರಿ.

2. ಚಿಂತನ ನಾನೂರು ಪದ ದಾಟಬಾರದು. ದಾಟಿದರೆ ಓದುವವರ ಅವಸರ ಕೇಳಿಸಿಬಿಡುತ್ತದೆ. ‘ಸಭಿಕರೇ’ ಎನ್ನುವ ದನಿಯೂ ಬೇಡ. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಪ್ರಸಾರ ಶುರುಮಾಡಿದರು. ‘ಆಕಾಶವಾಣಿ’ ಎಂಬ ಹೆಸರು ಬಂದದ್ದೂ ಅಲ್ಲಿಂದ. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವ ಮಾತು ಇದು. ಸಾವಿರಾರು ಜನ ಕೇಳುತ್ತಿರಬಹುದು, ಆದರೆ ಅವರು ಒಟ್ಟಿಗೆ ಕೂತಿಲ್ಲ.

3. ಹೇಳುವ ಕ್ರಮವೇ ಮಾಡುವ ಕ್ರಮವಾಗಿರಬೇಕು. ನನ್ನ ಮಟ್ಟಿಗೆ ಈ ಕಸುಬಿನ ಅತಿ ಕಷ್ಟದ ಪಾಠ ಇದು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವುದನ್ನು ಹೇಳಬೇಕಾಗಿದೆ ಎನ್ನಿ. ಕೃಷಿ ವಿಜ್ಞಾನಿಗಳು ಬರೆದು ತರುವುದು ಹೀಗಿರುತ್ತದೆ: ‘ಮೊದಲೇ ಬೇರೆ ಬೇರೆಯಾಗಿ ಕರಗಿಸಿಟ್ಟುಕೊಂಡ ದ್ರಾವಣಗಳ ಪೈಕಿ ತುತ್ತದ ದ್ರಾವಣವನ್ನು ಸುಣ್ಣದ ದ್ರಾವಣಕ್ಕೆ ಬೆರೆಸತಕ್ಕದ್ದು.’ ಕಾಗದದಲ್ಲಿ ಇದು ಸರಿ. ಕಿವಿಗೆ ಹಿಂದಿನ ಸಾಲನ್ನು ಮತ್ತೆ ನೋಡಿಕೊಂಡು ಬರಲು ಆಗುವುದಿಲ್ಲ. ಆದ್ದರಿಂದ ಬಿಡಿಸಿ ಹೇಳಿಸಬೇಕು: ಒಂದು ಕೆಜಿ ಮೈಲುತುತ್ತ ತಗೊಳ್ಳಿ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 50 ಲೀಟರ್ ನೀರಿಗೆ ಹಾಕಿ ಕರಗಿಸಿ. ಇನ್ನೊಂದು ಡ್ರಮ್ಮಿನಲ್ಲಿ 50 ಲೀಟರ್ ನೀರಿಗೆ ಒಂದು ಕೆಜಿ ಸುಣ್ಣ. ಈಗ ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಿರಿ, ಕಲಕುತ್ತಲೇ ಇರಿ. ಇಲ್ಲಿ ನಿಲ್ಲಿಸಿ, ಉದ್ಘೋಷಕರಿಂದ ಕೇಳಿಸಬೇಕು: ‘ಯಾವುದಕ್ಕೆ ಯಾವುದನ್ನ ಸುರೀಬೇಕು ಅಂದ್ರಿ?’ ಉತ್ತರ ಎರಡನೇ ಸಲ ಬರಲಿ. ಹೊಳೆಯುವ ಚಾಕುವಿನ ಅಲಗನ್ನು ಅದರಲ್ಲಿ ಅದ್ದಿ ತೆಗೆದಾಗ ಕೆಂಪು ಕೂತರೆ ಇನ್ನಷ್ಟು ಸುಣ್ಣ ಬೇಕು ಎಂಬ ಮಾತು ಕೊನೆಗೆ. ಅದು ಕಣ್ಣಿಗೆ ಕಟ್ಟುವಂಥದ್ದು, ಒಂದೇ ಸಲಕ್ಕೆ ನೆನಪಿನಲ್ಲಿ ಉಳಿಯುತ್ತದೆ.

ಪ್ರಸಾರದ ದಿನವೂ ಮುಖ್ಯ. ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮುನ್ನ, ಎರಡನೆಯದು 40ರಿಂದ 45 ದಿನಕ್ಕೆ. ಜುಲೈಯ ಜಡಿಮಳೆಯಲ್ಲಿ ಮೊದಲ ಸಿಂಪಡಣೆಯ ಮಾತು ಬಿತ್ತರಿಸಿದರೆ ಯಾರ ತೋಟಕ್ಕೂ ಪ್ರಯೋಜನವಿಲ್ಲ.

4. ತಿಳಿಸಿ ಹೇಳುವ ಕೆಲಸಕ್ಕೆ ಒಬ್ಬರ ಭಾಷಣಕ್ಕಿಂತ ಇಬ್ಬರ ಮಾತುಕತೆ ಮೇಲು. ಬೆಂಗಳೂರು ಆಕಾಶವಾಣಿಯಲ್ಲಿ ಎ.ಎಸ್. ಮೂರ್ತಿಯವರು ‘ಈರಣ್ಣ’ನಾಗಿ ಮಾತಾಡುತ್ತಿದ್ದರು, ಜನ ಅವರನ್ನು ಆಕಾಶವಾಣಿ ಈರಣ್ಣ ಎಂದೇ ಕರೆದರು. ಇಂಥ ಪಾತ್ರ ಗೊತ್ತಿಲ್ಲದ್ದನ್ನು ನಾಚಿಕೆಯಿಲ್ಲದೆ ಕೇಳಬಲ್ಲದು. ಕೇಳುಗರ ಮನಸ್ಸಿನಲ್ಲಿ ಎದ್ದ ಪ್ರಶ್ನೆಯನ್ನು ಅವರ ಪರವಾಗಿ ಕೇಳುವ ಬಾಯಿ ಸ್ಟುಡಿಯೋದಲ್ಲಿ ಒಂದಾದರೂ ಇರಬೇಕು.

5. ವಾರ್ತೆಯ ಹೊತ್ತು ಕದಲುವುದಿಲ್ಲ. ಉಳಿದದ್ದೆಲ್ಲ ಅದಕ್ಕೆ ಹೊಂದಿಕೊಳ್ಳಬೇಕು. ಪ್ರದೇಶ ಸಮಾಚಾರಕ್ಕೆ ಮುಂಚಿನ ಮಾತನ್ನು ಅರ್ಧ ನಿಮಿಷ ಮೊದಲೇ ಮುಗಿಸಿ, ವಾಕ್ಯದ ನಡುವೆ ಫೇಡ್ ಮಾಡಬೇಡಿ.

6. ಬಂದವರ ಊರಮಾತನ್ನು ತಿದ್ದಬೇಡಿ. ಮೈಕಿನ ಮುಂದೆ ಕೂತ ತಕ್ಷಣ ಜನ ಪುಸ್ತಕದ ಕನ್ನಡಕ್ಕೆ ಹೊರಳುತ್ತಾರೆ. ಸೂಲಗಿತ್ತಿ ಅಜ್ಜಿಯೊಬ್ಬರು ಬಂದಿದ್ದರೆ ‘ಪ್ರಸೂತಿ’ ಎಂದು ತಡವರಿಸತೊಡಗುತ್ತಾರೆ. ಆಗ ಧ್ವನಿಮುದ್ರಣ ನಿಲ್ಲಿಸದೆ, ‘ಅಜ್ಜೀ, ನಿಮ್ಮನೇಲಿ ಹ್ಯಾಂಗೆ ಹೇಳ್ತ್ರಿ?’ ಎಂದು ಅವರ ಮಾತಿನಲ್ಲೇ ಕೇಳಿದರೆ ಬಿಗುವು ಬಿಡುತ್ತದೆ. 1950ರಲ್ಲಿ ಶುರುವಾದ ಧಾರವಾಡ ನಿಲಯಕ್ಕೆ ಮುಂದೆ ಬೇಂದ್ರೆಯವರೇ ಸಲಹೆಗಾರರಾಗಿದ್ದರು. ಧಾರವಾಡದ ಆಡುಮಾತಿನಲ್ಲಿ ಅಂಥ ಕಾವ್ಯ ಕಟ್ಟಿದವರು ಕೂತಿದ್ದ ಸಂಸ್ಥೆ ಇದು. ಊರಮಾತು ಬಾನುಲಿಗೆ ಕಡಿಮೆಯದೆಂದು ಯಾರಾದರೂ ಅಂದರೆ ನಾನು ಇವತ್ತಿಗೂ ವಾದಕ್ಕೆ ನಿಲ್ಲುತ್ತೇನೆ.

7. ಫೋನ್-ಇನ್‌ನಲ್ಲಿ ಅಸಲಿ ಪ್ರಶ್ನೆ ‘ಇಡ್ತೀನಿ ಮೇಡಂ’ ಎನ್ನುವ ಹೊತ್ತಿಗೆ ಬರುತ್ತದೆ. ವೈದ್ಯರ ಕಾರ್ಯಕ್ರಮದಲ್ಲಂತೂ ಹಾಗೆಯೇ: ಮಂಡಿನೋವಿನಿಂದ ಶುರುವಾದದ್ದು ಕೊನೆಗೆ ನಿದ್ದೆ ಬಾರದ ರಾತ್ರಿಗಳಿಗೆ ಬಂದು ನಿಲ್ಲುತ್ತದೆ. ಲೈನಿನಲ್ಲಿ ಇನ್ನೂ ಹತ್ತು ಮಂದಿ ಕಾಯುತ್ತಿದ್ದರೂ ಆ ಒಬ್ಬರ ಮಾತನ್ನು ಕಡಿಯಬೇಡಿ. ಅದೇ ಪ್ರಶ್ನೆ ಇಟ್ಟುಕೊಂಡು ಫೋನ್ ಮಾಡಲಾರದವರು ಕೇಳುತ್ತಿರುತ್ತಾರೆ.

8. ರಾತ್ರಿಯ ಕೇಳುಗರು ಬೇರೆ. ಕತ್ತಲಾದ ಮೇಲೆ ಅಯಾನುಗೋಳದ ಕೆಳಪದರ ಕರಗಿ, ಮಧ್ಯಮ ತರಂಗದ ಅಲೆಗಳು ಮೇಲಿನ ಪದರಕ್ಕೆ ತಾಗಿ ಬಹುದೂರ ಹೋಗಿ ಇಳಿಯುತ್ತವೆ. ಬೆಂಗಳೂರಿನ 612, ಧಾರವಾಡದ 765 ಕಿಲೋಹರ್ಟ್ಸ್ ಹಗಲಿನಲ್ಲಿ ಸಿಗದ ಕಡೆಯಲ್ಲೂ ರಾತ್ರಿ ಸಿಗಬಹುದು, ರಾಜ್ಯದ ಗಡಿಯಾಚೆಯೂ. ಹಾಗಾಗಿ ರಾತ್ರಿಯ ಕಾರ್ಯಕ್ರಮದಲ್ಲಿ ‘ನಮ್ಮ ಹೊಳೆ’, ‘ಇಲ್ಲೇ ಬಸ್‌ಸ್ಟ್ಯಾಂಡ್ ಹತ್ತಿರ’ ಎಂದು ಬಿಡಬೇಡಿ. ಹೊಳೆಯ ಹೆಸರು ಹೇಳಿ, ಊರು, ತಾಲ್ಲೂಕು ಹೇಳಿ. ನಾಟಕವಾದರೆ ಮೊದಲ ಎರಡು ನಿಮಿಷದೊಳಗೆ ಪಾತ್ರಗಳು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವಂತೆ ಬರೆಸಿ.