ಎಲೆ ನೋಡಿದ್ದು ಸಾಕು, ಬೇರು ಕಿತ್ತು ನೋಡು

ಕಡಲಪಾಚಿ ರಸದ ಸೀಸೆ ತಂದು ಗದ್ದೆಗೆ ಹೊಡೆದಿದ್ದೀಯಂತೆ. ಸಂತೋಷ, ತಮ್ಮಾ. ನಿನ್ನ ವಾರಿಗೆಯ ಹುಡುಗರು ಗದ್ದೆ ಪಾಳು ಬಿಟ್ಟು ಪಣಜಿಯ ಬಸ್ಸು ಹತ್ತುವಾಗ ನೀನು ಡಿಚೋಲಿಯ ಈ ಕೆಂಪು ಮಣ್ಣಿಗೆ ಕೈ ಹಾಕಿದ್ದೀಯ. ಅದಕ್ಕೇ ನಿನ್ನ ಮೇಲೆ ಅಕ್ಕರೆ, ಅದಕ್ಕೇ ಇಷ್ಟು ಮಾತು. ಆದರೆ ಹೊಡೆದ ಮೂರನೇ ದಿನಕ್ಕೇ ಎಲೆಯ ಫೋಟೊ ತೆಗೆದು ಊರಿಗೆಲ್ಲ ಕಳಿಸಿದೆಯಲ್ಲ, ಆ ಅವಸರಕ್ಕೆ ನಗು ಬಂತು. ಎಲೆ ಬೇಗ ಹಸುರಾಗುತ್ತದೆ, ಬೇಗ ಮೋಸವನ್ನೂ ಮಾಡುತ್ತದೆ. ಒಂದು ಬುಡ ಕಿತ್ತು ಬೇರು ನೋಡಿದೆಯಾ? ಇಲ್ಲ ತಾನೆ?

ಈಗಲೇ ಹೋಗಿ ನೋಡು. ಗದ್ದೆಯ ನಟ್ಟನಡುವೆ ಕೈ ಆಳಕ್ಕೆ ಇಳಿಸಿ ಒಂದು ಬುಡವನ್ನು ಮಣ್ಣುಸಮೇತ ಎತ್ತು. ಎಳೆದು ಕೀಳಬೇಡ, ಎಳೆಬೇರು ಹರಿದು ಕೆಳಗೇ ಉಳಿಯುತ್ತದೆ. ಕಾಲುವೆ ನೀರಿನಲ್ಲಿ ಮೆಲ್ಲಗೆ ಅಲುಗಿಸಿ ತೊಳೆ. ತುದಿಯೆಲ್ಲ ಬಿಳಿಯಾಗಿ, ಕೂದಲಿನಂಥ ಕವಲು ಒಡೆದಿದ್ದರೆ ಸರಿ. ತೆಳುವಾಗಿ ಕಂದು ಬಣ್ಣ ಹತ್ತಿದ್ದರೂ ಹೆದರಬೇಡ, ನಿಂತ ನೀರಿನ ಭತ್ತಕ್ಕೆ ಅದು ಸಹಜ. ಉಜ್ಜಿದರೂ ಹೋಗದ ಹಾಗೆ ತುಕ್ಕು ದಪ್ಪಗೆ ಮೆತ್ತಿದ್ದರೆ ಕಬ್ಬಿಣದ ಕಾಟ ಶುರುವಾಗಿದೆ. ಬೇರು ಕಪ್ಪಗಾಗಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಅಲ್ಲಿ ಉಸಿರೇ ಇಲ್ಲ. ಅಂಥ ಬೇರಿನ ಮೇಲಿನ ಎಲೆಗೆ ಯಾವ ರಸ ಹೊಡೆದು ಏನು ಬಂತು?

ನಮ್ಮ ತಾಲೂಕಿನ ಮಣ್ಣಿನ ಕತೆ ಬೇರೆ. ಶಿರಗಾಂವ್, ಮಯೆ, ಮುಳಗಾಂವ್ ಸುತ್ತ ಎಷ್ಟೋ ದಶಕ ಕಬ್ಬಿಣದ ಅದಿರು ತೆಗೆದರು. ಮಳೆಗಾಲದಲ್ಲಿ ಗುಡ್ಡೆ ಹಾಕಿದ ಗಣಿಮಣ್ಣು ತೊಳೆದುಕೊಂಡು ಗದ್ದೆಗೆ ಇಳಿಯಿತು. ಅದು ಒಣಗಿದರೆ ಹೆಂಚಿನ ಹಾಗೆ ಗಟ್ಟಿ, ನೆನೆದರೆ ಬರೀ ಕೆಸರು. 2012ರಲ್ಲಿ ಒಮ್ಮೆ, 2018ರಲ್ಲಿ ಮತ್ತೊಮ್ಮೆ ಗಣಿ ನಿಂತಿತು. ಆದರೆ ಗದ್ದೆಗೆ ಇಳಿದದ್ದು ಎದ್ದು ಹೋಗಲಿಲ್ಲ. ಗಣಿಯ ಗೊಡವೆ ಇಲ್ಲದ ಕಡೆಯೂ ನಮ್ಮದು ಜಂಬಿಟ್ಟಿಗೆ ಮಣ್ಣು, ಹುಳಿ ಮಣ್ಣು. ಹಾಕಿದ ರಂಜಕವನ್ನು ಕಬ್ಬಿಣವೂ ಅಲ್ಯುಮಿನಿಯಮ್ಮೂ ಹಿಡಿದಿಟ್ಟುಕೊಳ್ಳುತ್ತವೆ, ಬೇರಿಗೆ ಬಿಡುವುದಿಲ್ಲ. ನೀನು ಮೊಬೈಲಿನಲ್ಲಿ ನೋಡುವುದು ಬೆಳಗಾವಿ ಕಡೆಯ ಕಬ್ಬಿನ ಹೊಲ. ಅದು ಎರೆಭೂಮಿ. ಅಲ್ಲಿ ಗೆದ್ದ ಲೆಕ್ಕ ಇಲ್ಲಿ ಹಾಗೇ ನಡೆಯುವುದಿಲ್ಲ.

ಸೀಸೆಯಲ್ಲಿ ಇರುವುದಾದರೂ ಏನು? ಕಡಲಪಾಚಿಯ ರಸದಲ್ಲಿ ಗಿಡ ತನಗೆ ತಾನೇ ಮಾಡಿಕೊಳ್ಳುವಂಥ ಚೋದಕಗಳು ಚೂರುಚೂರು ಇರುತ್ತವೆ. ಆಕ್ಸಿನ್ ಬೇರೊಡೆಯುವುದಕ್ಕೆ, ಸೈಟೊಕೈನಿನ್ ಚಿಗುರೊಡೆಯುವುದಕ್ಕೆ. ಜೊತೆಗೆ ಬಿಸಿಲು, ಉಪ್ಪು ತಡೆಯುವ ಶಕ್ತಿಗೆ ಒಂದಿಷ್ಟು. ಸಾರಜನಕ, ಪೊಟ್ಯಾಷ್ ಲೆಕ್ಕಕ್ಕೇ ಬರುವಷ್ಟಿಲ್ಲ. ಊಟದ ಎಲೆಯ ತುದಿಗೆ ಬಡಿಸುವ ಉಪ್ಪಿನಕಾಯಿ ಅದು. ನಾಲಿಗೆ ಚುರುಕಾಗುತ್ತದೆ, ಗಂಜಿ ಒಂದು ತುತ್ತು ಹೆಚ್ಚು ಇಳಿಯುತ್ತದೆ. ಎಲೆಯಲ್ಲಿ ಗಂಜಿಯೇ ಇಲ್ಲದಿದ್ದರೆ ಉಪ್ಪಿನಕಾಯಿಯಿಂದ ಹೊಟ್ಟೆ ತುಂಬೀತೇ? ಮಣ್ಣಿನಲ್ಲಿ ಉಣ್ಣುವುದಕ್ಕೆ ಮೊದಲು ಏನಾದರೂ ಇಡು.

ಆದ್ದರಿಂದ ಮೊದಲ ಕೆಲಸ ಮಣ್ಣು ಪರೀಕ್ಷೆ. ಹಳೇ ಗೋವಾದಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಹೋಗಿ ವಿಚಾರಿಸು. ಹುಳಿ ಎಷ್ಟಿದೆ ಎಂದು ಗೊತ್ತಾಗದೆ ಸುಣ್ಣ ಎರಚಬೇಡ. ಗೊತ್ತಾದ ಮೇಲೆ ಅವರು ಹೇಳಿದಷ್ಟನ್ನು ಉಳುಮೆಗೆ ಸೇರಿಸು. ರಾಸಾಯನಿಕ ಗೊಬ್ಬರಕ್ಕೂ ಸುಣ್ಣಕ್ಕೂ ಎರಡು-ಮೂರು ವಾರ ಅಂತರ ಇರಲಿ. ಮಳೆ ಬಿಡುವು ಕೊಟ್ಟಾಗ ಬದು ಕಡಿದು ನೀರು ಹೊರಬಿಡು. ನೀರು ನಿಂತಲ್ಲಿ ಗಾಳಿ ಆಡುವುದಿಲ್ಲ. ಗಾಳಿಯಿಲ್ಲದ ಮಣ್ಣಿನಲ್ಲಿ ಕಬ್ಬಿಣ ಕರಗಿ ಬೇರಿಗೆ ಮುತ್ತುತ್ತದೆ. ಭತ್ತದ ಬೇರು ತನ್ನೊಳಗಿನ ಗಾಳಿಯನ್ನು ಹೊರಬಿಟ್ಟು ಆ ಕಬ್ಬಿಣವನ್ನು ತುಕ್ಕಾಗಿಸಿ ತಡೆಯುತ್ತದೆ, ಪಾಪ, ಎಷ್ಟು ದಿನ ತಡೆದೀತು? ನಾಲ್ಕು ದಿನ ನೆಲ ಒಣಗಲಿ. ಹೊಸ ಬಿಳಿಬೇರು ಬಂದದ್ದು ಕಣ್ಣಿಗೆ ಕಂಡ ಮೇಲೆ ಸೀಸೆಯ ಬಿರಡೆ ತೆಗೆ.

ಬೇರಿನ ಆಸೆ ಇರುವವನು ರಸವನ್ನು ಕೊಡಬೇಕಾದದ್ದು ಬೇರು ಬಿಡುವ ಹೊತ್ತಿಗೆ. ನೀನು ತೆನೆ ಕಟ್ಟುವ ಹೊತ್ತಿಗೆ ಕೊಟ್ಟಿದ್ದೀಯ! ಬಿತ್ತನೆ ಬೀಜವನ್ನು ಉಪ್ಪುನೀರಿಗೆ ಹಾಕಿ ತೇಲಿದ ಜೊಳ್ಳು ತೆಗೆದು, ಚೆನ್ನಾಗಿ ತೊಳೆದು, ಆಮೇಲೆ ತೆಳು ರಸದಲ್ಲಿ ನೆನೆಸು. ನಾಟಿಯ ದಿನ ಸಸಿಯ ಬೇರನ್ನು ಅದರಲ್ಲೇ ಸ್ವಲ್ಪ ಹೊತ್ತು ಅದ್ದಿ ನೆಡು. ಅಡಿಕೆಯ ಕುಳಾಗರದಲ್ಲಾದರೆ ಕಾಂಡಕ್ಕೆ ಸುರಿಯಬೇಡ. ಉಣ್ಣುವ ಬೇರು ಇರುವುದು ಬುಡದಿಂದ ಎರಡು-ಮೂರು ಅಡಿ ಸುತ್ತಿನಲ್ಲಿ, ಮೇಲ್ಮಣ್ಣಿನಲ್ಲಿ. ಅಲ್ಲಿಗೆ ತರಗು ಹೊದಿಸಿ, ತೇವ ಇರುವಾಗ ಉಣಿಸು. ಎಲೆಗೆ ಹೊಡೆಯುವುದಿದ್ದರೆ ಬೆಳಗ್ಗೆ ಇಲ್ಲವೇ ಇಳಿಹೊತ್ತು. ಮೋಡ ನೋಡಿಕೊಂಡು ಹೊಡೆ, ನಮ್ಮ ಜುಲೈ ಮಳೆಗೆ ಎಲೆಯ ಮೇಲೆ ಏನೂ ನಿಲ್ಲುವುದಿಲ್ಲ.

ಚೀಟಿಯಲ್ಲಿ ಹೇಳಿದ್ದರ ದುಪ್ಪಟ್ಟು ಹಾಕಿದೆ ಎಂದು ಹೆಮ್ಮೆಯಿಂದ ಹೇಳಿದೆಯಂತೆ. ಎಂಥ ಮಾತದು? ಆಕ್ಸಿನ್ ಹನಿಯಷ್ಟಿದ್ದರೆ ಬೇರು ಒಡೆಸುತ್ತದೆ, ಅತಿಯಾದರೆ ಬೇರನ್ನೇ ಕುಗ್ಗಿಸುತ್ತದೆ. ಕೈ ಬಿಗಿ ಮಾಡು. ಇನ್ನು ಕೊಳ್ಳುವಾಗ ಅಂಗಡಿಯವನ ಮಾತಿಗಿಂತ ಚೀಟಿ ಓದು. 2021ರ ಫೆಬ್ರುವರಿಯಲ್ಲಿ ಕೇಂದ್ರ ಸರಕಾರ ಇಂಥ ಜೈವಿಕ ಚೋದಕಗಳನ್ನೂ 1985ರ ರಸಗೊಬ್ಬರ ನಿಯಂತ್ರಣ ಆದೇಶದ ಒಳಗೆ ತಂದಿತು. ಒಳಗೆ ಏನಿದೆ, ಎಷ್ಟಿದೆ, ಯಾವ ಬೆಳೆಗೆ ಎಂದು ಬರೆದಿರಬೇಕು. ‘ಎಲ್ಲ ಬೆಳೆಗೂ, ಎಲ್ಲ ರೋಗಕ್ಕೂ’ ಎಂದಿದ್ದರೆ ಅಲ್ಲಿಯೇ ಇಟ್ಟು ಬಾ. ಕೆಲವರು ಹುಳುವಿನ ವಿಷ ಬೆರೆಸಿ ‘ಗಿಡಮೂಲಿಕೆ’ ಎಂದು ಮಾರಿದ್ದುಂಟು. ಹೊಡೆದ ಎರಡು ದಿನಕ್ಕೆ ಹುಳವೆಲ್ಲ ಸತ್ತುಬಿದ್ದರೆ ಅನುಮಾನ ಪಡು.

ಕಾಸು ಉಳಿಸಬೇಕೆಂದರೆ ಹಿತ್ತಲ ನುಗ್ಗೆ ಇದೆಯಲ್ಲ! ಎಳೆಯ ಸೊಪ್ಪು ಅರೆದು, ಬಟ್ಟೆಯಲ್ಲಿ ಹಿಂಡಿ, ಒಂದು ಪಾಲು ರಸಕ್ಕೆ ಮೂವತ್ತು ಪಾಲು ನೀರು ಬೆರೆಸಿ ಅದೇ ದಿನ ಹೊಡೆ. ಎರಡು ಸಲ ಸೋಸು, ಇಲ್ಲದಿದ್ದರೆ ಪಂಪಿನ ಮೂತಿ ಕಟ್ಟುತ್ತದೆ. ನಿಕರಾಗುವಾದಲ್ಲಿ ಇದನ್ನು ಹೊಲದಲ್ಲಿಟ್ಟು ಪರೀಕ್ಷಿಸಿದ್ದಾರೆ. ಗಿಡಕ್ಕೆ ಉಣಿಸುವುದು ನಮಗೂ ಹೊಸ ವಿದ್ಯೆಯಲ್ಲ. ಹನ್ನೊಂದನೇ ಶತಮಾನದಲ್ಲಿ ಇಮ್ಮಡಿ ಚಾವುಂಡರಾಯ ಕನ್ನಡದಲ್ಲಿ ಬರೆದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೇ ಒಂದು ಅಧ್ಯಾಯ ಉಂಟು. ಗಿಡಕ್ಕೆ ಏನು ಉಣಿಸಬೇಕೆಂದು ಸಾವಿರ ವರ್ಷದ ಹಿಂದೆ ನಮ್ಮ ಭಾಷೆಯಲ್ಲೇ ತಲೆಕೆಡಿಸಿಕೊಂಡವರಿದ್ದರು, ಅದು ನನಗೆ ಅಭಿಮಾನದ ವಿಷಯ.

ರಸ ಕೆಲಸ ಮಾಡಿತೋ ಇಲ್ಲವೋ ತಿಳಿಯಬೇಕೇ? ಗದ್ದೆಯ ಒಂದು ಪಟ್ಟಿಗೆ ಏನೂ ಹಾಕದೆ ಬಿಡು. ಮನಸ್ಸು ಒಪ್ಪುವುದಿಲ್ಲ, ಗೊತ್ತು. ಆದರೂ ಬಿಡು. ಉಳಿದದ್ದೆಲ್ಲ ಎರಡೂ ಕಡೆ ಒಂದೇ ಥರ ಮಾಡು. ಇಪ್ಪತ್ತು-ಇಪ್ಪತ್ತೈದು ದಿನಕ್ಕೆ ಎರಡೂ ಕಡೆಯಿಂದ ಬುಡ ಎತ್ತಿ, ಪಕ್ಕಪಕ್ಕದಲ್ಲಿಟ್ಟು ಬೇರು ಅಳೆ. ಕೊಯ್ಲಿನಲ್ಲಿ ಬೇರೆಬೇರೆ ಬಡಿದು ತೂಗು. ವ್ಯತ್ಯಾಸ ಕಾಣದಿದ್ದರೆ ಬರುವ ವರ್ಷ ಆ ದುಡ್ಡನ್ನು ಸೆಗಣಿಗೊಬ್ಬರಕ್ಕೆ ಹಾಕು, ನಾಚಿಕೆಯೇನಿಲ್ಲ.

ಮತ್ತೊಂದು ಮಾತು, ಇದನ್ನಂತೂ ಮರೆಯಬೇಡ. ಸೋರೊದ್, ಅಂದರೆ ಮಳೆಗಾಲದ ಭತ್ತ ಕೊಯ್ದಾದ ಮೇಲೆ ಗದ್ದೆಯನ್ನು ಬಿಸಿಲಿಗೆ ಬಿಟ್ಟು ಕ್ರಿಕೆಟ್ಟಿಗೆ ಕೊಡಬೇಡ. ಉಳಿದ ತೇವದಲ್ಲೇ ಅಳಸಂದೆ ಬಿತ್ತು. ನಿಮ್ಮ ಅಕ್ಕಪಕ್ಕದ ಕೊಂಕಣಿ ಮನೆಯವರನ್ನು ಕೇಳು, ಬೀಜವನ್ನೂ ಕೊಡುತ್ತಾರೆ, ಹದವನ್ನೂ ಹೇಳುತ್ತಾರೆ. ಹೂ ಬಿಡುವ ಹೊತ್ತಿಗೆ ಒಂದು ಗಿಡ ಅಗೆದು ಬೇರಿನ ಗಂಟನ್ನು ಉಗುರಿನಿಂದ ಸೀಳು. ಒಳಗೆ ರಕ್ತದ ಹಾಗೆ ಕೆಂಪಗಿದ್ದರೆ ಗಾಳಿಯ ಸಾರಜನಕ ನಿನ್ನ ಗದ್ದೆಗೆ ಇಳಿಯುತ್ತಿದೆ. ಬೆಳ್ಳಗೋ ಹಸಿರಾಗಿಯೋ ಇದ್ದರೆ ಗಂಟು ಕೆಲಸಕ್ಕೆ ಬಾರದು, ಮುಂದಿನ ಸಲ ಬೀಜಕ್ಕೆ ರೈಜೋಬಿಯಂ ಜೀವಾಣು ಹಚ್ಚಿ ಬಿತ್ತು. ಕಾಯಿ ಬಿಡಿಸಿಕೊಂಡು ಬಳ್ಳಿ-ಬೇರನ್ನೆಲ್ಲ ಅಲ್ಲೇ ಉತ್ತು ಮಣ್ಣಿಗೆ ಸೇರಿಸು. ಸೀಸೆಯಲ್ಲಿ ರಸ ಉಳಿದಿದ್ದರೆ ನೆರಳಿನಲ್ಲಿ ಎತ್ತಿಡು, ಮೆಣಸಿನ ಸಸಿ ನೆಡುವಾಗ ಬೇರದ್ದುವುದಕ್ಕೆ ಬೇಕಾಗುತ್ತದೆ.